ಸೆಲ್ವಿಯಕ್ಕನ ಖುಷಿ ಹರಾಜಾದದ್ದು

ಚೆನ್ನೈನ ಆಸ್ಪತ್ರೆಯೊಂದರಲ್ಲಿ ಮಿದುಳಿನ ಅಲೆಗಳನ್ನು ದಾಖಲಿಸುವುದು ನನ್ನ ಕೆಲಸ. ಮನಸ್ಸು ಹಗುರಾಗಿಸುವ ಹೊಸ ಗುಳಿಗೆಯೊಂದರ ಪರೀಕ್ಷೆಗೆ ಅವತ್ತು ಬಂದವರು, ಕಾಸಿಮೇಡು ಬಂದರಿನಲ್ಲಿ ಮೀನು ಹರಾಜು ಕೂಗುವ ಸೆಲ್ವಿಯಕ್ಕ. ಗುಳಿಗೆ ನುಂಗಿಸಿ, ತಲೆಗೆ ತಂತಿಗಳ ಟೋಪಿ ಹಾಕಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನ ಅಲೆಗಳು ಬದಲಾದವು. ಆದರೆ ಗೆರೆ ನೋಡಿ ಖುಷಿ ಎಷ್ಟೆಂದು ಹೇಳೋಕಾಗುತ್ತಾ? ಬಾಯಿಬಿಟ್ಟೇ ಕೇಳಬೇಕು.

"ಅಕ್ಕಾ, ನಿಮ್ಮ ಖುಷಿಗೆ ಹತ್ತಕ್ಕೆ ಎಷ್ಟು ಕೊಡ್ತೀರಿ?"

"ನಾನ್ಯಾಕೆ ಕೊಡಲಿ? ನೀನು ರೇಟು ಕೇಳು ತಂಬಿ, ನಾನು ಕೂಗ್ತೀನಿ."

ನಾವು ಅಂಕಿ ಸೂಚಿಸುವಂತಿಲ್ಲ, ಅದು ನಿಯಮ. ಆದರೂ ನನ್ನ ಹಾಳು ಬಾಯಿ "ಐದು?" ಅಂದುಬಿಟ್ಟಿತು.

"ಐದು! ಇಷ್ಟು ತಾಜಾ ಖುಷಿಗೆ ಬರೀ ಐದಾ?"

"ಆರು," ಅಂದೆ.

"ಆರು, ಆರು, ಆರು! ಯಾರಪ್ಪಾ ಏಳು?"

ಬಾಗಿಲಲ್ಲಿದ್ದ ನರ್ಸಮ್ಮ "ಏಳು!" ಅಂದರು. ನಾನು ಬಿಡಲಿಲ್ಲ. ಹತ್ತು ದಾಟಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ನರ್ಸಮ್ಮ ಹದಿಮೂರಕ್ಕೆ ಏರಿದಾಗ ನನಗೆ ನಗು ತಡೆಯಲಾಗದೆ ಉಸಿರೇ ಸಿಕ್ಕಿಕೊಂಡಿತು. ಅಕ್ಕನ ಮುಖ ಮಾತ್ರ ಒಂದಿಷ್ಟೂ ಸಡಿಲವಾಗಲಿಲ್ಲ.

"ಒರು ತರಂ, ರೆಂಡು ತರಂ, ಮೂಣು ತರಂ! ಸಿಸ್ಟರಿಗೆ!" ಅಂತ ತಮಿಳಿನಲ್ಲಿ ಮೂರು ಸಲ ಕೂಗಿ ಹರಾಜು ಮುಗಿಸಿದರು.

ಗದ್ದಲ ಕೇಳಿ ಓಡಿಬಂದ ಡಾಕ್ಟರು, ಎದ್ದುಬಿದ್ದು ಕುಣಿಯುತ್ತಿದ್ದ ಗೆರೆಗಳನ್ನೂ, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ ನನ್ನನ್ನೂ ನೋಡಿ ಕೇಳಿದರು: "ಗುಳಿಗೆ ನುಂಗಿದ್ದು ಯಾರು?"

ಅಕ್ಕ ಕೂಗಿದ ಅಬ್ಬರಕ್ಕೆ ರೆಕಾರ್ಡಿಂಗ್ ಹಾಳಾಯಿತು, ಬೈಸಿಕೊಂಡೆ. ಅಕ್ಕನಿಗೆ ಎಷ್ಟು ಖುಷಿಯಾಗಿತ್ತೋ ಇವತ್ತಿಗೂ ಗೊತ್ತಿಲ್ಲ. ಹದಿನಾಲ್ಕು ನನ್ನ ಬಾಯಲ್ಲೇ ಇತ್ತು, ಹೇಳೋಕೆ ನಗು ಬಿಡಲಿಲ್ಲ.