ಅರ್ಥವಾಗದೆ ನಗಲಾರೆನೆಂದ ಡುಲ್ಸಿನ್

ಅರ್ಥವಾಗದ ಮಾತಿಗೆ ತಲೆಯಾಡಿಸುವವರನ್ನು ಕಂಡರೆ ಕಾಪುವಿನ ಡುಲ್ಸಿನ್‌ಗೆ ಮೈಯೆಲ್ಲ ಉರಿಯುತ್ತದೆ. ಆಕೆ ಉಡುಪಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಮಾತ್ರೆ ಕೊಟ್ಟಾಗ ರೋಗಿ "ಆಯ್ತು ಸಿಸ್ಟರ್" ಎಂದರೆ ಅವಳಿಗೆ ಸಾಲದು.

"ಎಂತ ಆಯ್ತು? ಊಟಕ್ಕೆ ಮೊದಲು ಯಾವುದು? ನೀವೇ ಹೇಳಿ ನೋಡುವ."

ತುಳುವರಿಂದ ತುಳುವಿನಲ್ಲಿ, ಬ್ಯಾರಿಗಳಿಂದ ಬ್ಯಾರಿಯಲ್ಲಿ, ತನ್ನವರಿಂದ ಕೊಂಕಣಿಯಲ್ಲಿ ಹೇಳಿಸಿಯೇ ಬಿಡುತ್ತಾಳೆ. ಹೂಡೆಯ ಮೀನುಗಾರರೊಬ್ಬರು ಡಾಕ್ಟರರ ಇಂಗ್ಲಿಷಿಗೆಲ್ಲ ಮರ್ಯಾದೆಯಿಂದ "ಹೂಂ, ಹೂಂ" ಎಂದು ಮನೆಗೆ ಹೋಗಿ, ಎರಡು ಪಟ್ಟು ಇನ್ಸುಲಿನ್ ಚುಚ್ಚಿಕೊಂಡು, ಪ್ರಜ್ಞೆ ತಪ್ಪಿ ವಾಪಸು ಬಂದಿದ್ದರು. ಅಂದಿನಿಂದ ಅವಳಿಗೆ ಈ ಹಟ.

ಹಸುಗೂಸುಗಳ ಐಸಿಯು ಕೆಲಸವನ್ನು ಬ್ರಿಟನ್ನಿಗೆ ಹೋಗಿ ಕಲಿಯಬೇಕೆಂಬುದು ಡುಲ್ಸಿನ್‌ಳ ಬಹುದಿನದ ಆಸೆ. ಅದಕ್ಕೇ ಮಣಿಪಾಲದಲ್ಲಿ ಇಂಗ್ಲಿಷ್ ಕೋಚಿಂಗ್ ಸೇರಿದಳು. ಅಲ್ಲಿ ಕಲಿಸುವ ಅನಂತೇಶ "ರೆಡಿ" ಎಂದವರಿಗೆ ಮಾತ್ರ ಶನಿವಾರ ಬ್ರಿಟನ್ನಿನ ಆಸ್ಪತ್ರೆಯವರ ಇಂಟರ್‌ವ್ಯೂ. ಬ್ರಿಟಿಷರ ಆಡುಮಾತು ಕಿವಿಗೆ ಬೀಳಲೆಂದು ಅವರು ದಿನವೂ ಅಲ್ಲಿಯ ಕಾಮಿಡಿ ತೋರಿಸುತ್ತಿದ್ದರು. ಕಿವಿಗೆ ಬಿದ್ದರೆ ಸಾಕೇ, ತಲೆಗೆ ಹೋಗುವುದು ಬೇಡವೇ?

ಟೀವಿಯೊಳಗಿನ ಜನ ಗೊಳ್ಳೆಂದರೆ ಕ್ಲಾಸೂ ಗೊಳ್ಳೆನ್ನುತ್ತಿತ್ತು. ಡುಲ್ಸಿನ್ ಪಕ್ಕದಲ್ಲಿದ್ದ ಅಲೆವೂರಿನ ಗಾನವಿಯನ್ನು ತಿವಿದಳು.

"ಅವನು ಎಂತ ಹೇಳಿದ್ದು?"

"ಯಾರಿಗೆ ಗೊತ್ತು ಡುಲ್ಸಿನಕ್ಕ? ಸುಮ್ಮನೆ ನಗಾಡಿ."

ನೋಡಿ, ಗುಂಪಿನಲ್ಲಿ ಗೋವಿಂದ! ಓದಿದವರ ಹಣೆಬರಹವೂ ಇಷ್ಟೇ.

ಡುಲ್ಸಿನ್‌ಗೆ ನಗುವೇ ಬಾರದೆಂದಲ್ಲ. ಬಸ್ಸಿನಲ್ಲಿ ಮೊಬೈಲು ಹಿಡಿದು ಅದೇ ತುಣುಕನ್ನು ಹಿಂದೆ ಮುಂದೆ ಮಾಡಿ ನೋಡಿದಳು, ಹುಡುಕಿ ಓದಿದಳು. 'ಸ್ಟೇರ್ಸ್'ಗೆ 'ಪೇರ್ಸ್' ಪ್ರಾಸವೆಂದು ಲಂಡನ್ನಿನ ಕೆಲವರು ಮೆಟ್ಟಿಲನ್ನೇ 'ಆಪಲ್ಸ್ ಆ್ಯಂಡ್ ಪೇರ್ಸ್' ಎನ್ನುತ್ತಾರಂತೆ! ಕಟಪಾಡಿ ದಾಟುವಾಗ ಒಬ್ಬಳೇ ಜೋರಾಗಿ ನಕ್ಕಳು. ಕಂಡಕ್ಟರ್ ತಿರುಗಿ ನೋಡಿದ.

ಮರುದಿನ ಹೊಸ ತುಣುಕು. ಆಸ್ಪತ್ರೆಯ ಮಂಚದಲ್ಲಿದ್ದ ಮುದುಕನೊಬ್ಬ ಏನೋ ಗೊಣಗಿದ. ಎಲ್ಲರೂ ನಕ್ಕರು. ಡುಲ್ಸಿನ್ ಕೈ ಎತ್ತಿದಳು.

"ಸರ್, ಅದರ ಅರ್ಥ ಎಂತ?"

"ಜೋಕಿನ ಅರ್ಥ ಕೇಳಬಾರದು ಸಿಸ್ಟರ್. ಅವರು ನಕ್ಕ ಕೂಡಲೇ ನೀವೂ ನಗಬೇಕು. ಇಲ್ಲದಿದ್ದರೆ ನಿಮಗೆ ಇಂಗ್ಲಿಷ್ ಬರುವುದಿಲ್ಲ ಅಂತ ಗೊತ್ತಾಗ್ತದೆ."

"ಬರುವುದಿಲ್ಲ ಸರ್. ಕಲಿಯಲಿಕ್ಕೇ ಬಂದದ್ದು ಅಲ್ವಾ?"

"ಹೀಗೆ ಎದುರು ಮಾತಾಡುವವರಿಗೆ ಶನಿವಾರ ಇಂಟರ್‌ವ್ಯೂ ಇಲ್ಲ."

ಅಬ್ಬಾ, ಇದೆಂಥ ನ್ಯಾಯ! ಕಲಿಸಬೇಕಾದವರು ನಟನೆ ಹೇಳಿಕೊಡುವುದು, ಕೇಳಿದವಳು ತಪ್ಪುಗಾರ್ತಿ! ಸಿಟ್ಟಿನಿಂದ ಡುಲ್ಸಿನ್‌ಳ ಕಣ್ಣು ತುಂಬಿತು. ಆದರೂ ಎದ್ದು ನಿಂತಳು.

"ಸರ್, ನಾಳೆ ಅಲ್ಲಿ ಮೊದಲು ಹಾಕುವ ಜನರಲ್ ವಾರ್ಡಿನಲ್ಲಿ ಇಂಥವರೇ ಒಬ್ಬರು ಅಜ್ಜ ಎದೆ ಹಿಡಿದುಕೊಂಡು ಇದೇ ಭಾಷೆಯಲ್ಲಿ ಎಂತದೋ ಹೇಳ್ತಾರೆ. ಆಗಲೂ ನಾನು ನಗಬೇಕಾ?"

ಪಕ್ಕದಲ್ಲಿದ್ದ ಗಾನವಿಯೂ ಮೆಲ್ಲನೆ ಎದ್ದಳು. "ನನಗೂ ಅರ್ಥ ಆಗಲಿಲ್ಲ ಸರ್."

ಅನಂತೇಶ ಟೀವಿ ಆರಿಸಿ ಹೊರನಡೆದರು.

ಶನಿವಾರ ಅವರಿಬ್ಬರನ್ನು ಬಿಟ್ಟು ಉಳಿದವರೆಲ್ಲ ಇಂಟರ್‌ವ್ಯೂಗೆ ಹೋದರು. ಟೀವಿಯ ಆ ಮುದುಕ ಹೇಳಿದ್ದೇನೆಂದು ಹೋದವರಲ್ಲಿ ಒಬ್ಬರಿಗೂ ಇಂದಿಗೂ ಗೊತ್ತಿಲ್ಲ.