ಮಗ್ಗದ ಪಕ್ಕದ ಓದುಕೋಣೆ

ನಾನು ರೈಲ್ವೆಯ ಸಿಗ್ನಲ್ ವಿಭಾಗದವನು. ಸರ್ಕಾರದ ಸಂಬಳ ತಿನ್ನುತ್ತಲೇ ಸರ್ಕಾರಿ ಎಂದದ್ದಕ್ಕೆಲ್ಲ ಮೂಗು ಮುರಿಯುವ ಪೈಕಿ. ಆದ್ದರಿಂದ ಮಗಳು ಕಾಲೇಜು ಸೇರಿದ ವರ್ಷವೇ ನನ್ನ ಹೆಂಡತಿ ಗಿರಿಜಾ, ತಾನೂ ಸೂರತ್ತಿನ ಉಧ್ನಾ ಬಡಾವಣೆಯ ಸರ್ಕಾರಿ ಸಮುದಾಯ ಕಾಲೇಜಿನಲ್ಲಿ ಬಟ್ಟೆ ಮತ್ತು ಹೊಲಿಗೆಯ ಕೋರ್ಸ್ ಸೇರುತ್ತೇನೆ ಎಂದಾಗ ನಕ್ಕುಬಿಟ್ಟೆ.

"ಅಲ್ಲಿ ಫ್ಯಾನ್ ತಿರುಗತಾವೋ ಇಲ್ಲೋ, ಮೊದಲ ನೋಡ್ಕೊಂಡು ಬಾ," ಅಂದೆ.

ಅವಳು ನಿಜವಾಗಿಯೂ ಹೋಗಿ ನೋಡಿಕೊಂಡು ಬಂದಳು. ಫ್ಯಾನ್ ತಿರುಗುತ್ತಿದ್ದವಂತೆ. ಕುಡಿಯುವ ನೀರು ತಣ್ಣಗಿತ್ತಂತೆ. ಹಸುಗೂಸುಗಳನ್ನು ಕರೆತರುವ ತಾಯಂದಿರಿಗೆ ತೊಟ್ಟಿಲು ಕಟ್ಟಿದ ಕೋಣೆ, ಸಾಲು ಸಾಲು ಹೊಲಿಗೆ ಯಂತ್ರ, ಹಿಂದುಗಡೆ ವಿದ್ಯುತ್ ಮಗ್ಗಗಳ ಶೆಡ್ಡು. ಪ್ರಿನ್ಸಿಪಾಲರಿಗೆ ಮಾತ್ರ ಗ್ರಂಥಾಲಯದ ಓದುವ ಹಾಲಿನ ಮೇಲೆ ಎಲ್ಲಿಲ್ಲದ ಹೆಮ್ಮೆ. ದಪ್ಪ ಗಾಜಿನ ಕಿಟಕಿ, ಮೇಜಿಗೊಂದು ದೀಪ, ಸೂಜಿ ಬಿದ್ದರೂ ಕೇಳುವಷ್ಟು ಮೌನ. ಯಾರು ಬಂದರೂ ಮೊದಲು ಅದನ್ನೇ ತೋರಿಸುತ್ತಿದ್ದರು.

ಗಿರಿಜಾಳದು ಗದಗ. ಹತ್ತನೆಯ ತರಗತಿ ಮುಗಿಸಿದ್ದೇ ಮದುವೆ, ಆಮೇಲೆ ನನ್ನ ವರ್ಗಾವಣೆಯ ಹಿಂದೆ ಸೂರತ್ತಿಗೆ. ಅಂಗಡಿ ಬೋರ್ಡುಗಳನ್ನು ಓದಿ ಓದಿಯೇ ಗುಜರಾತಿ ಅಕ್ಷರ ಕಲಿತವಳು. ಹಜೀರಾದ ಒಂದು ಕಂಪನಿ ಕಾಲೊನಿಯ ಹೊಲಿಗೆ ಕೇಂದ್ರದಲ್ಲಿ ಕಲಿಸುವ ಕೆಲಸ ಕೊಡಲು ಒಪ್ಪಿದ್ದರು, ಆದರೆ ಸರ್ಟಿಫಿಕೇಟ್ ಬೇಕೆಂದರು. ಅದಕ್ಕೇ ಈ ಹಟ.

ಕೈಕೆಲಸದ ಪರೀಕ್ಷೆಯಲ್ಲಿ ತರಗತಿಗೇ ಮೊದಲಿಗಳಾದಳು. ಬರೆಯುವ ಪರೀಕ್ಷೆಯಲ್ಲಿ ಫೇಲಾದಳು.

"ಎಲ್ಲಾ ಗೊತ್ತಿತ್ರೀ. ಪರೀಕ್ಷಾ ಹಾಲಿನಾಗ ಕುಂತ ಕೂಡ್ಲೆ ತಲಿ ಖಾಲಿ ಆತು," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಉಳಿದಿದ್ದು ಒಂದೇ ಮರುಪರೀಕ್ಷೆ. ಅದೂ ಹೋದರೆ ಇಡೀ ಕೋರ್ಸನ್ನು ಮೊದಲಿಂದ ಮಾಡಬೇಕು, ಅಷ್ಟು ದಿನ ಹಜೀರಾದವರು ಕಾಯುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವ ಹಾಗಿತ್ತು.

ದಿನಾ ಆ ಓದುವ ಹಾಲಿಗೆ ಹೋಗತೊಡಗಿದಳು. ಒಂದೋ ತೂಕಡಿಸುತ್ತಿದ್ದಳು, ಇಲ್ಲವೇ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು. ಗ್ರಂಥಪಾಲಕಿ ಮೇಜು ತಟ್ಟಿ ಎಬ್ಬಿಸಿದರಂತೆ. ನನಗೆ ಸಿಟ್ಟು ಬಂತು.

"ಅಷ್ಟು ಚಂದದ ಜಾಗಾ ಕೊಟ್ಟಾರ, ನೀ ಹೋಗಿ ನಿದ್ದಿ ಹೊಡೀತಿ?"

"ಅಲ್ಲಿ ನನ್ನ ಉಸಿರು ನನಗ ಕೇಳಸ್ತೈತಿ. ಅಂಜಿಕಿ ಬರ್ತೈತಿ," ಎಂದಳು.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಗೊಣಗಿದೆ. ಆದರೆ ನಮ್ಮ ಕ್ವಾರ್ಟರ್ಸ್ ಹೇಗಿದೆ ಎಂಬುದನ್ನೂ ಹೇಳಬೇಕು. ಒಂದು ಕಡೆ ಗೂಡ್ಸ್ ಯಾರ್ಡು, ಇನ್ನೊಂದು ಕಡೆ ಗೋಡೆಗೆ ಗೋಡೆ ಹತ್ತಿದ ಮಗ್ಗದ ಕಾರ್ಖಾನೆ. ಹಗಲೂ ರಾತ್ರಿ ಖಟಾಖಟ್ ಖಟಾಖಟ್. ವಾರದ ರಜೆಗೆ ಮಗ್ಗ ನಿಂತ ದಿನ ನಮ್ಮ ಗಲ್ಲಿಯ ತೊಟ್ಟಿಲ ಮಕ್ಕಳು ಬೆಚ್ಚಿ ಎದ್ದು ಅಳುತ್ತವೆ. ಗಿರಿಜಾ ಅಡುಗೆ ಮಾಡಿದ್ದು, ಮಗಳಿಗೆ ಮಗ್ಗಿ ಕಲಿಸಿದ್ದು, ಅತ್ತಿದ್ದು, ನಕ್ಕಿದ್ದು ಎಲ್ಲ ಆ ಸದ್ದಿನಲ್ಲೇ.

ಒಂದು ಮಧ್ಯಾಹ್ನ ಗ್ರಂಥಾಲಯದಿಂದ ಬೇಸತ್ತು ಎದ್ದವಳು ನೇಯ್ಗೆ ಶೆಡ್ಡಿಗೆ ಹೋಗಿ, ನೂಲಿನ ಮೂಟೆಯ ಮೇಲೆ ಕೂತು ಪುಸ್ತಕ ತೆರೆದಳು. ಮಗ್ಗ ಓಡುತ್ತಿದ್ದವು. ನೇಯ್ಗೆ ಕಲಿಸುವ ಮಯೂರ್‌ಭಾಯಿ ಬಂದು ಎದುರು ನಿಂತರೂ ತಲೆ ಎತ್ತಲಿಲ್ಲ. ಪಾಠ ಕೇಳಿದರೆ ಒಂದಕ್ಷರ ತಪ್ಪದೆ ಒಪ್ಪಿಸಿದಳು.

ಮಯೂರ್‌ಭಾಯಿ ಅದೇ ಮಗ್ಗದ ಗಲ್ಲಿಗಳಲ್ಲಿ ಬೆಳೆದವರು. ಅವರಿಗೆ ವಿವರಿಸಿ ಹೇಳಬೇಕಾಗಲಿಲ್ಲ. "ಕೋಯಿ ವಾಂಧೋ ನಹೀಂ, ಬೆನ್. ತೊಂದರೆಯಿಲ್ಲ ಅಕ್ಕಾ, ಇಲ್ಲೇ ಓದಿ," ಎಂದು ಒಂದು ಮೇಜು ಹಾಕಿಸಿಕೊಟ್ಟರು. ಓದೇನೋ ಸರಿ, ಪರೀಕ್ಷೆಗೇನು ಮಾಡುವುದು? ಪರೀಕ್ಷೆಯ ದಿನ ಸದ್ದಾಗಬಾರದೆಂದು ಕಾಲೇಜಿನ ಯಂತ್ರಗಳನ್ನೆಲ್ಲ ನಿಲ್ಲಿಸುತ್ತಿದ್ದರು.

ಅವರೇ ಅವಳನ್ನು ಪ್ರಿನ್ಸಿಪಾಲರ ಬಳಿ ಕರೆದೊಯ್ದರು. ನಾನೂ ಹೋದೆ, ತೂಕ ಇರಲಿ ಎಂದು ಯೂನಿಫಾರ್ಮಿನಲ್ಲೇ. ಶೆಡ್ಡಿನ ಪಕ್ಕದ ಕೋಣೆಯಲ್ಲಿ ಕೂರಿಸಿ, ಮಗ್ಗ ಓಡಿಸಿ ಎಂದು ಮಯೂರ್‌ಭಾಯಿ ಕೇಳಿಕೊಂಡರು.

"ಒಬ್ಬರಿಗಾಗಿ ಮಗ್ಗ ಓಡಿಸಲೇ?" ಎಂದರು ಪ್ರಿನ್ಸಿಪಾಲ್. ಆಮೇಲೆ ಏನನ್ನಿಸಿತೋ, ಎದ್ದು ಮರುಪರೀಕ್ಷೆಯವರ ತರಗತಿಗೇ ಬಂದು, "ಸದ್ದಿನ ಕೋಣೆ ಯಾರಿಗೆ ಬೇಕು?" ಎಂದು ಕೇಳಿದರು.

ನಮ್ಮ ಜೊತೆ ಬಂದು ತನ್ನ ಬೆಂಚಿನಲ್ಲಿ ಕೂತಿದ್ದ ಗಿರಿಜಾಳ ಕೈ ಒಂದೇ ಮೇಲೆದ್ದಿತು. ಬಾಗಿಲಲ್ಲಿ ನಿಂತಿದ್ದ ನನಗೆ ನಾಚಿಕೆಯಿಂದ ಭೂಮಿಗಿಳಿದಂತಾಯಿತು. ಇಳಿಸೇ ಕೈ, ಎಂದು ಮನಸ್ಸಿನಲ್ಲೇ ಕೂಗಿದೆ. ಅವಳು ಇಳಿಸಲಿಲ್ಲ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಿಧಾನವಾಗಿ ಕೈ ಎತ್ತಿದಳು. ಅವಳ ಪಕ್ಕದವಳು ಎತ್ತಿದಳು. ನೋಡುತ್ತಿದ್ದಂತೆ ಅರ್ಧಕ್ಕಿಂತ ಹೆಚ್ಚು ಕೈಗಳು. ಎಲ್ಲ ಮಗ್ಗದ ಗಲ್ಲಿಗಳ ಮಕ್ಕಳು. ಪ್ರತಿಯೊಬ್ಬಳೂ ದಡ್ಡಿ ತಾನೊಬ್ಬಳೇ ಎಂದುಕೊಂಡು ಬಾಯಿ ಮುಚ್ಚಿ ಕೂತಿದ್ದಳು. ಪ್ರಿನ್ಸಿಪಾಲ್ ಮಯೂರ್‌ಭಾಯಿಯ ಕಡೆ ತಿರುಗಿ, "ಆ ಕೋಣೆ ಸಿದ್ಧ ಮಾಡಿಸಿ," ಎಂದರು.

ಪರೀಕ್ಷೆಯ ದಿನ ಮಗ್ಗಗಳು ಓಡಿದವು. ನಾನು ಹೊರಗೆ ಬೇವಿನ ಮರದ ಕೆಳಗೆ ಕೂತು, ನಿಲ್ಲದಿರಲಪ್ಪ, ಕರೆಂಟ್ ಹೋಗದಿರಲಪ್ಪ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಗಿರಿಜಾ ಹೊರಗೆ ಬಂದವಳು ಬೆರಳಿಗೆ ಹತ್ತಿದ ಶಾಯಿ ತೋರಿಸಿ, "ಹೆಚ್ಚಿಗಿ ಹಾಳಿ ಇಸ್ಕೊಂಡು ಬರದೆ," ಎಂದಳು. ಅವತ್ತೇ ನನಗೆ ಫಲಿತಾಂಶ ಗೊತ್ತಾಗಿತ್ತು.

ಈಗ ಅವಳು ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಹಜೀರಾಕ್ಕೆ ಹೋಗುತ್ತಾಳೆ. ಡಬ್ಬಿ ಕಟ್ಟುವವನು ನಾನು, ಬೈಸಿಕೊಳ್ಳುವವನೂ ನಾನೇ. ಆ ಕಾಲೇಜಿನ ಗೇಟು ದಾಟುವಾಗಲೆಲ್ಲ ನನ್ನ ಕೈ ತಾನಾಗಿ ಎದೆಗೆ ಹೋಗುತ್ತದೆ. ಕಟ್ಟಡ ಕಟ್ಟಿದ್ದಕ್ಕಲ್ಲ, ಕೇಳಿದ್ದಕ್ಕೆ.

ಗಾಜಿನ ಕಿಟಕಿಯ ಆ ಓದುವ ಹಾಲ್ ಈಗಲೂ ಇದೆ, ಪ್ರಿನ್ಸಿಪಾಲ್ ಈಗಲೂ ಅದನ್ನೇ ಮೊದಲು ತೋರಿಸುತ್ತಾರೆ. ಆಮೇಲೆ ಬಂದವರನ್ನು ಹಿಂದಿನ ಶೆಡ್ಡಿಗೆ ಕರೆದೊಯ್ಯುತ್ತಾರೆ. ಅಲ್ಲಿ ಪಕ್ಕದ ಕೋಣೆಯಲ್ಲಿ ಉದ್ದನೆಯ ಮೇಜು ಹಾಕಿದ್ದಾರೆ, ತಲೆ ತಗ್ಗಿಸಿದ ಹುಡುಗಿಯರು ಕೂತಿರುತ್ತಾರೆ. ಗೋಡೆಯ ಮೇಲೆ ಗುಜರಾತಿಯಲ್ಲಿ ಒಂದು ಬೋರ್ಡಿದೆ. ಗಿರಿಜಾ ಅದನ್ನು ನನಗೆ ಓದಿ ಹೇಳಿದಳು:

"ಇಲ್ಲಿ ಓದುತ್ತಿದ್ದಾರೆ. ದಯವಿಟ್ಟು ಮಗ್ಗ ನಿಲ್ಲಿಸಬೇಡಿ."