ತುಪ್ಪದಲ್ಲಿ ಹುರಿದ ಮರುಭೂಮಿ

ನಮ್ಮ ಮನೆಯ ಮಂಚದ ಕೆಳಗೆ ಮರುಭೂಮಿ ಇದೆ. ಜೋಗೇಶ್ವರಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಬೇರೆಲ್ಲಿ ಇಡುವುದು? ಬೇರೆಯವರ ಮಂಚದ ಕೆಳಗೆ ಹಳೆಯ ಸೂಟ್‌ಕೇಸು, ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆ ಇರುತ್ತವೆ. ನಮ್ಮಲ್ಲಿ ಚೌಕ ಚೌಕವಾಗಿ ಕತ್ತರಿಸಿದ ದಿಬ್ಬಗಳು, ಬತ್ತಿದ ಒಂದು ಹಳ್ಳ, ಮುರಿದು ಬಿದ್ದ ಕೋಟೆಯ ಗೋಡೆ ಹಳೆಯ ಬೆಡ್‌ಶೀಟ್ ಹೊದ್ದು ಮಲಗಿವೆ. ಕಸ ಗುಡಿಸುವಾಗ ಪೊರಕೆ ತಾಗಿಸಿದರೆ ಮನೆಯಲ್ಲಿ ರಾದ್ಧಾಂತ. ಅದೆಲ್ಲ ಮಗಳ ಆಸ್ತಿ.

ಮಗಳು ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತು ಸಿನಿಮಾದವರಿಗೆ ಚಿತ್ರ ಮಾಡಿಕೊಡುತ್ತಾಳೆ. ಭಾನುವಾರ ಬಂತೆಂದರೆ ಹೆಬ್ಬೆರಳಿಗಿಂತ ಸಣ್ಣ ಸೈನಿಕರನ್ನು ಡಬ್ಬಿಯಲ್ಲಿ ತುಂಬಿಕೊಂಡು ಅಲ್ಲೇ ಹತ್ತಿರದ ಒಂದು ಹಾಲ್‌ಗೆ ಹೋಗುತ್ತಾಳೆ. ಅಲ್ಲಿ ಅವಳಂಥ ಕೆಲವರು ಸೇರುತ್ತಾರೆ. ಮೇಜುಗಳ ಮೇಲೆ ಮರುಭೂಮಿ ಹರಡಿ, ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ, ಟೇಪಿನಲ್ಲಿ ಅಳೆದಳೆದು ಯುದ್ಧ ಮಾಡುತ್ತಾರೆ. ಇಡೀ ಮರುಭೂಮಿ ಇಟ್ಟುಕೊಳ್ಳುವಷ್ಟು ಜಾಗ ಮುಂಬೈಯಲ್ಲಿ ಯಾರ ಮನೆಯಲ್ಲಿದೆ? ಅದಕ್ಕೇ ಒಬ್ಬೊಬ್ಬರು ಕೆಲವು ತುಂಡು ಮಾಡಿ ಮನೆಯಲ್ಲಿಟ್ಟುಕೊಂಡು, ಭಾನುವಾರ ಲೋಕಲ್‌ನಲ್ಲೋ ರಿಕ್ಷಾದಲ್ಲೋ ಹೊತ್ತು ತಂದು ಒಂದಕ್ಕೊಂದು ಜೋಡಿಸುತ್ತಾರೆ. ಎಲ್ಲರ ತುಂಡಿನ ಅಂಚೂ ಒಂದೇ ಎತ್ತರ ಇರಬೇಕು, ಅದೊಂದೇ ಕಟ್ಟಳೆ. ನಡುವೆ ಗುಡ್ಡ ಎಬ್ಬಿಸಿ, ಬಾವಿ ತೋಡಿ, ಕೇಳುವವರಿಲ್ಲ.

ನಾನು ಕುಂದಾಪುರದ ಕಡೆಯವನು. ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಅಡುಗೆಮನೆ, ಆಮೇಲೆ ಗಲ್ಲಾ ಎಂದು ನನ್ನ ಆಯುಷ್ಯ ಕಳೆದಿದೆ. ಬೆಳಿಗ್ಗೆ ಮಗಳು ಏಳುವ ಮೊದಲು ಹೊರಟರೆ ಅವಳು ಮಲಗಿದ ಮೇಲೆ ವಾಪಸು. ಫೋರ್ಟ್‌ನ ಆಫೀಸುಗಳಿಗೆ ಭಾನುವಾರ ರಜೆ, ಹಾಗಾಗಿ ನಮ್ಮ ಹೋಟೆಲಿಗೂ ರಜೆ. ನನಗೆ ಸಿಗುವ ಆ ಒಂದೇ ದಿನ ಅವಳು ಯುದ್ಧಕ್ಕೆ ಹೋಗಿರುತ್ತಿದ್ದಳು. ಬಾಗಿಲಲ್ಲಿ ನಿಂತು ನಾನು, "ನಾನೂ ಬತ್ತೆ ಮಾರಾಯ್ತಿ," ಎಂದರೆ ಅವಳು ಚಪ್ಪಲಿ ಮೆಟ್ಟುತ್ತಾ, "ಪಪ್ಪಾ, ಆಪ್ ಬೋರ್ ಹೋ ಜಾಓಗೆ," ಎನ್ನುತ್ತಿದ್ದಳು. ನನಗೆ ಬೋರಾಗುತ್ತದೆಯೋ ಅವಳಿಗೆ ನಾಚಿಕೆಯಾಗುತ್ತದೆಯೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನನಗೆ ಬೇಕಿದ್ದದ್ದು ಇಷ್ಟೇ: ಒಂದು ಭಾನುವಾರ ಅವಳು ತಾನಾಗಿಯೇ "ನೀವೂ ಬನ್ನಿ" ಎನ್ನಬೇಕು. ಅದನ್ನು ಕನ್ನಡದಲ್ಲೇ ಅನ್ನಬೇಕು ಎಂಬ ಆಸೆಯೂ ಇತ್ತು. ಅಷ್ಟು ದೊಡ್ಡ ಆಸೆಯನ್ನು ಯಾರಿಗೂ ಹೇಳಿರಲಿಲ್ಲ.

ಕನ್ನಡ ಅವಳ ಬಾಯಿಂದ ಯಾಕೆ ಜಾರಿತು ಎಂದರೆ ಅದರಲ್ಲಿ ನಮ್ಮದೂ ಪಾಲಿದೆ. ನನ್ನ ಹೆಂಡತಿ ವಿಜಯಪುರದ ಕಡೆಯವಳು. ಇಲ್ಲಿನ ಕನ್ನಡ ಸಂಘದ ನಾಟಕದ ತಾಲೀಮಿನಲ್ಲಿ ಪರಿಚಯವಾಗಿ, ನಾಟಕ ಬಿದ್ದುಹೋಗಿ, ಮದುವೆ ಉಳಿಯಿತು. ಮಗಳು ಸಣ್ಣವಳಿದ್ದಾಗ ಜುಹು ಚೌಪಾಟಿಗೆ ಹೋದರೆ ನಾನು, "ಹೊಯ್ಗೆಲಿ ಆಡು, ಹೊಯ್ಗೆಲಿ," ಎನ್ನುತ್ತಿದ್ದೆ. ಹೆಂಡತಿ ತಕ್ಷಣ, "ಹೊಯ್ಗಿ ಅಂದ್ರ ಏನ್ರಿ ಅದು? ಛಂದಾಗಿ ಉಸುಕ ಅನ್ರಿ," ಎನ್ನುತ್ತಿದ್ದಳು. ಪುಸ್ತಕದಲ್ಲಿ ಮರಳು ಅಂತ ಇದೆಯಲ್ಲ, ಹಾಗೇ ಹೇಳೋಣ ಎಂದು ಒಮ್ಮೆ ನಾನು ರಾಜಿಗೆ ಹೋದೆ. ಆ ಪದ ನನ್ನ ಬಾಯಿಗೂ ಬರಲಿಲ್ಲ, ಅವಳ ಬಾಯಿಗೂ ಬರಲಿಲ್ಲ. ಮಗು ನಮ್ಮಿಬ್ಬರ ಮುಖವನ್ನೂ ನೋಡಿ, ಪಕ್ಕದಲ್ಲಿ ಆಡುತ್ತಿದ್ದ ಮಕ್ಕಳಿಂದ "ರೇತಿ" ಎಂದು ಕಲಿತುಕೊಂಡಿತು. ನಮ್ಮ ಜಗಳದಲ್ಲಿ ಗೆದ್ದದ್ದು ರೇತಿ. ಆಮೇಲೆ ಒಂದೊಂದೇ ಮಾತು ಹಾಗೆಯೇ ಹೋಯಿತು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಅರ್ಥವೆಲ್ಲ ಆಗುತ್ತದೆ, ಬೈದರೆ ಇನ್ನೂ ಚೆನ್ನಾಗಿ ಆಗುತ್ತದೆ.

ಕಳೆದ ಮಳೆಗಾಲದಲ್ಲಿ ಹಾಲ್‌ನವರು ಎಲ್ಲ ಮೇಜು ಕೂಡಿಸಿ ದೊಡ್ಡದೊಂದು ಆಟ ಇಟ್ಟುಕೊಂಡರು. ನಡುಮಧ್ಯದ ತುಂಡುಗಳು ಮಗಳ ಪಾಲಿಗೆ ಬಂದವು. ಅವಳು ಪ್ಲೈವುಡ್ ಹಲಗೆಯ ಮೇಲೆ ಥರ್ಮಾಕೋಲ್ ಅಂಟಿಸಿ, ಚಾಕುವಿನಲ್ಲಿ ಕೆತ್ತಿ, ದಿಬ್ಬ ಮಾಡಿ, ಹಳ್ಳ ಮಾಡಿ ಸಾಲಾಗಿ ಒಣಗಲು ಇಟ್ಟಳು. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದರ ಮೇಲೆ ಮರಳು ಅಂಟಿಸುವುದು ಬಾಕಿ. ಅದನ್ನು ಆನ್‌ಲೈನ್‌ನಲ್ಲಿ ಆರ್ಡರ್ ಮಾಡುತ್ತೇನೆ ಎಂದಳು.

ನನಗೆ ತಡೆಯಲಾಗಲಿಲ್ಲ. "ದುಡ್ಡು ಕೊಟ್ಟು ಕೊರಿಯರಲ್ಲಿ ಹೊಯ್ಗೆ ತರ್ಸುದಾ? ಕೇಳಿದವ್ರು ನೆಗಾಡ್ತ್ರ್. ರವೆ ಹಾಕು, ರವೆ! ಹಗುರವೂ ಆಯ್ತು."

ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಹೋಗಿ, ಡಬ್ಬಿಯಿಂದ ಚಿಟಿಕೆ ರವೆ ತೆಗೆದು, ದಿಬ್ಬದ ಮೇಲೆ ಉದುರಿಸಿ, ಕಣ್ಣು ಕಿರಿದು ಮಾಡಿ ನೋಡಿ, "ನಾಟ್ ಬ್ಯಾಡ್, ಪಪ್ಪಾ," ಎಂದಳು. ಹೋಟೆಲಿನಲ್ಲಿ ಎಷ್ಟೋ ಜನ ನನ್ನ ಅಡುಗೆ ಹೊಗಳಿದ್ದಾರೆ. ಯಾವುದೂ ಆ ನಾಟ್ ಬ್ಯಾಡ್‌ಗೆ ಸಮ ಬರಲಿಲ್ಲ. ಹಸಿ ರವೆ ಹಾಕಿದರೆ ಮಳೆಗಾಲದಲ್ಲಿ ಹುಳ ಬೀಳುತ್ತದೆ, ಹುರಿದರೆ ಹುಳವೂ ಇಲ್ಲ, ಬಣ್ಣವೂ ಬರುತ್ತದೆ ಎಂದು ನಾನು ಜ್ಞಾನ ಪ್ರದರ್ಶನ ಮಾಡಿದೆ.

ಆ ಭಾನುವಾರ ಅವಳು ಹಾಲ್‌ಗೆ ಹೋಗಲಿಲ್ಲ. ನಮ್ಮ ಕಿಷ್ಕಿಂಧೆಯಂಥ ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲಿ ನಿಂತಳು. ಬಾಣಲೆಯಲ್ಲಿ ನಾನು ರವೆ ಹುರಿಯುವುದು, ಅವಳು ಫೋನಿನಲ್ಲಿ ಯಾವುದೋ ಮರುಭೂಮಿಯ ಫೋಟೋ ತೆರೆದು ಬಾಣಲೆಯ ಪಕ್ಕ ಹಿಡಿದು ಬಣ್ಣ ಹೋಲಿಸುವುದು. "ಥೋಡಾ ಔರ್, ಥೋಡಾ ಔರ್... ಬಸ್ ಪಪ್ಪಾ, ಬಸ್!" ಘಮ್ಮೆನ್ನುವ ವಾಸನೆಗೆ ಪಕ್ಕದ ಮನೆಯ ಮರಾಠಿ ಅಜ್ಜಿ ಬಂದು, ಏನು ವಿಶೇಷ ಎಂದು ಕೇಳಿ, ಮರುಭೂಮಿ ಎಂಬ ಉತ್ತರ ಪಡೆದು ವಾಪಸು ಹೋದರು. ಬಿಳಿ ಗೋಂದು ಹಚ್ಚಿ ರವೆ ಸುರಿದೆವು. ಹೊಂಬಣ್ಣದ ಮರುಭೂಮಿ, ಬಣ್ಣ ಹಚ್ಚುವ ಅಗತ್ಯವೇ ಇಲ್ಲ. ನಾನು ಹೋಟೆಲಿನಲ್ಲಿ ಕಂಡಕಂಡವರಿಗೆಲ್ಲ ಫೋಟೋ ತೋರಿಸಿದೆ.

ಆಟದ ವಾರ ಶುರುವಾಗುವ ಹೊತ್ತಿಗೆ ಇರುವೆಗಳು ಬಂದವು. ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಮಂಚದ ಕೆಳಗೆ ಒಂದೇ ಸಾಲು. ಗಾಬರಿಯಿಂದ ಮಗಳು ಒಂದು ತುಂಡನ್ನು ಎಳೆದು ಎತ್ತಿದಳು. ದಿಬ್ಬದ ಮೇಲಿದ್ದ ರವೆಯೆಲ್ಲ ಹಪ್ಪಳದಂತೆ ಎದ್ದು ನೆಲಕ್ಕೆ ಬಿತ್ತು. ಕೆಳಗೆ ಥರ್ಮಾಕೋಲ್ ಬೆಳ್ಳಗೆ ಹಲ್ಲು ಕಿಸಿಯಿತು.

ಹೆಂಡತಿ ಬಗ್ಗಿ, ರವೆಯನ್ನು ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದಳು. "ರೀ, ಇದಕ್ಕ ತುಪ್ಪ ಹಾಕೀರೇನು?"

"ಎಂತಕ್ಕೆ ತುಪ್ಪ? ಹುಚ್ಚಾ ನಂಗೆ?" ಎಂದು ಹಾರಾಡಿದೆ. ಹಾರಾಡುತ್ತಿರುವಾಗಲೇ ನೆನಪಾಯಿತು. ಬಾಣಲೆ ಕಾದ ಕೂಡಲೇ ಕೈ ತಾನಾಗಿ ತುಪ್ಪದ ಡಬ್ಬಿಗೆ ಹೋಗಿತ್ತು. ಹೋಟೆಲಿನಲ್ಲಿ ವರ್ಷಗಟ್ಟಲೆ ಬೆಳಿಗ್ಗೆ ಬೆಳಿಗ್ಗೆ ಶಿರಾಕ್ಕೆ ರವೆ ಹುರಿದ ಕೈ ಅದು. ಬಾಣಲೆ, ಒಂದು ಸೌಟು ತುಪ್ಪ, ರವೆ. ನಾನು ಮಗಳ ಮುಖ ನೋಡುತ್ತಿದ್ದೆ, ಕೈ ಶಿರಾ ಮಾಡುತ್ತಿತ್ತು. ಅಷ್ಟು ತುಪ್ಪ ಕುಡಿದ ರವೆಗೆ ಗೋಂದು ಅಂಟುವುದಾದರೂ ಹೇಗೆ? ಇರುವೆ ಬಾರದಿದ್ದರೆ ಅದೇ ಆಶ್ಚರ್ಯ.

ಮಗಳು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ನೆಲದ ಮೇಲೆ ಕೂತು, "ಸಂಡೇ ಕೋ ಗೇಮ್ ಹೈ, ಪಪ್ಪಾ," ಎಂದಷ್ಟೇ ಹೇಳಿದಳು. ಅಲ್ಲಿಗೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ಅವಳು ನನ್ನನ್ನು ಆ ಹಾಲ್‌ಗೆ ಕರೆಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಆ ಹೊತ್ತಿಗೆ ಉಪಯೋಗಕ್ಕೆ ಬಂದವಳು ಹೆಂಡತಿ. ಬಕೆಟ್ ಹಿಡಿದು ದಡದಡ ಕೆಳಗಿಳಿದಳು. ನಮ್ಮ ಪಕ್ಕದ ಬಿಲ್ಡಿಂಗ್ ಒಡೆದು ಹೊಸದು ಕಟ್ಟುತ್ತಿದ್ದಾರೆ, ಕೆಲಸದವರಲ್ಲಿ ಅರ್ಧಕ್ಕರ್ಧ ಅವಳ ಕಡೆಯವರು. ನಾನು ಕಿಟಕಿಯಿಂದ ನೋಡುತ್ತಿದ್ದೆ. "ಯಣ್ಣಾ, ಒಂದೀಟ ಉಸುಕ ಕೊಡ್ರಿ. ನನ್ನ ಮಗಳು ಮರುಭೂಮಿ ಮಾಡಾಕತ್ತಾಳ," ಎಂದಳು. ಕೆಲಸದವನೊಬ್ಬ ನಕ್ಕು, "ಮರುಭೂಮಿ ಮಾಡಾಕ ಮುಂಬೈಗೆ ಬರಬೇಕೇನ್ರಿ ಅಕ್ಕಾರ? ಯಾವೂರ್ರಿ ನಿಮ್ದು?" ಎಂದು ಕೇಳಿದ. ಊರು, ತಾಲೂಕು, ಸಂಬಂಧಿಕರು ಎಲ್ಲ ವಿಚಾರಣೆ ಮುಗಿದು, ಅವಳು ಬಕೆಟ್ ತುಂಬ ಒದ್ದೆ ಮರಳು ಹಿಡಿದು ಖುಷಿಯಾಗಿ ಮೇಲೆ ಬಂದಳು.

ನಾನು ಹೋಟೆಲಿಗೆ ರಜೆ ಹಾಕಿದೆ. ದೋಸೆ ಎಬ್ಬಿಸುವ ಸಟ್ಟುಗದಿಂದ ರವೆ ಕೆರೆದು, ಸೋಪಿನ ನೀರಲ್ಲಿ ಜಿಡ್ಡು ಒರೆಸಿದೆವು. ಮರಳು ಒಣಗಬೇಕಲ್ಲ, ಹೊರಗೆ ಮಳೆ ಬಿಡಲೊಲ್ಲದು. ಮತ್ತೆ ಅದೇ ಬಾಣಲೆ, ಅದೇ ಒಲೆ. ಈ ಸಲ ಹೆಂಡತಿ ತುಪ್ಪದ ಡಬ್ಬಿಯನ್ನು ಬಟ್ಟೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ನಾನು ಹುರಿದೆ, ಅವಳು ಜರಡಿ ಹಿಡಿದಳು. "ಹೊಯ್ಗೆ ಇನ್ನೂ ಸಣ್ಣ ಬೇಕು," ಎಂದು ನಾನು, "ಉಸುಕ ಇಷ್ಟ ಸಾಕ್ರಿ," ಎಂದು ಅವಳು, ಚೌಪಾಟಿಯ ಹಳೆಯ ಜಗಳ ಪುನಃ ಶುರುವಾಯಿತು. ಮಗಳು ಗೋಂದು ಹಚ್ಚುತ್ತಾ ಕೇಳುತ್ತಿದ್ದಳು, ಒಮ್ಮೆ ಮಾತ್ರ ನಕ್ಕಂತಾಯಿತು.

ಮರಳು ಅಂಟಿ ಒಣಗಿದ ಮೇಲೆ ಕಂದು ಬಣ್ಣ ಹೊಡೆದು, ಅದರ ಮೇಲೆ ತಿಳಿ ಹಳದಿ ಸವರಬೇಕು. ಬ್ರಶ್ಶಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಚೂರನ್ನು ಏರುಗಳಿಗೆ ಮಾತ್ರ ತಾಗಿಸಬೇಕು ಎಂದು ಮಗಳು ತೋರಿಸಿಕೊಟ್ಟಳು. ಕಾವಲಿಗೆ ಎಣ್ಣೆ ಮುಟ್ಟಿಯೂ ಮುಟ್ಟದ ಹಾಗೆ ಸವರುವವನಿಗೆ ಅದೇನು ಮಹಾ? ಈ ಸಲ ಕೈಯ ಅಭ್ಯಾಸ ಕೈಹಿಡಿಯಿತು.

ಭಾನುವಾರ ಬೆಳಿಗ್ಗೆ ತುಂಡುಗಳಿಗೆಲ್ಲ ಪ್ಲಾಸ್ಟಿಕ್ ಸುತ್ತಿ, "ಪಪ್ಪಾ, ಚಲೋ, ಉಠಾಓ," ಎಂದಳು. ಒಬ್ಬಳಿಗೆ ಹೊರಲಾಗುತ್ತಿರಲಿಲ್ಲ, ಅದಕ್ಕೆ ನಾನು. ಕೂಲಿಯಾಗಿಯಾದರೂ ಸರಿ ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿದೆ. ಹೆಂಡತಿ ನೋಡಿ ನಕ್ಕಳು. ಉಳಿದ ಮರಳನ್ನು ಉಪ್ಪಿನಕಾಯಿ ಬಾಟಲಿಗೆ ತುಂಬಿ ನನ್ನ ಚೀಲಕ್ಕೆ ಹಾಕಿದಳು.

ಹಾಲ್‌ನಲ್ಲಿ ತುಂಡುಗಳನ್ನು ಇಳಿಸಿ ನಾನು ಬಾಗಿಲ ಬಳಿ ಚಪ್ಪಲಿಗಳ ಪಕ್ಕ ನಿಂತೆ. ಅವರು ಒಬ್ಬೊಬ್ಬರ ತುಂಡನ್ನು ತಂದು ಜೋಡಿಸಿದರು. ಅಂಚುಗಳೇನೋ ಸರಿಯಾಗಿ ಕೂತವು. ಆದರೆ ತುಂಡು ತುಂಡಿನ ನಡುವೆ ಕಪ್ಪು ಗೆರೆ, ಸಿಮೆಂಟ್ ಬಿಟ್ಟ ಟೈಲ್ಸಿನ ಸಂದಿನ ಹಾಗೆ. ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತಿದ್ದರು. ನನ್ನ ಕೆಲಸ ಆಯಿತು ಎಂದು ನಾನು ಚಪ್ಪಲಿ ಹುಡುಕತೊಡಗಿದೆ.

"ಪಪ್ಪಾ, ಕಿಧರ್?" ಮಗಳು ಅಷ್ಟು ಜನರ ನಡುವಿಂದ ಜೋರಾಗಿ ಕೂಗಿದಳು. "ಆ... ಹೊಯ್ಗೆ. ಹೊಯ್ಗೆ ಹಾಕಿ ಇಲ್ಲಿ!"

ಕಿವಿಯನ್ನು ನಂಬಲಾಗಲಿಲ್ಲ. ಬಾಟಲಿ ತೆಗೆದು, ಮೂರು ಬೆರಳಲ್ಲಿ ಹಿಡಿದು, ಸಂದಿನ ಉದ್ದಕ್ಕೂ ಚಟ್ನಿಪುಡಿ ಉದುರಿಸುವ ಹಾಗೆ ಉದುರಿಸುತ್ತಾ ಹೋದೆ. ಗೆರೆ ಮುಚ್ಚಿತು. ಜೋಗೇಶ್ವರಿಯ ಮಂಚದ ಕೆಳಗಿನದ್ದೂ ಬೇರೆ ಯಾರ್ಯಾರದ್ದೋ ಮಂಚದ ಕೆಳಗಿನದ್ದೂ ಕೂಡಿ ಒಂದೇ ನೆಲವಾಯಿತು. ಕಣ್ಣು ಮಂಜಾಗಿದ್ದರಿಂದ ಅಲ್ಲಲ್ಲಿ ಸ್ವಲ್ಪ ಹೆಚ್ಚೇ ಬಿತ್ತು. ಆ ತುದಿಯಿಂದ ಒಬ್ಬ ಗಡ್ಡದವನು, "ಅಂಕಲ್, ಥೋಡಾ ಹೊಯ್ಗೆ ಇಧರ್ ಭೀ," ಎಂದ. ಅದು ಆಟದ್ದೇ ಯಾವುದೋ ಇಂಗ್ಲಿಷ್ ಪದ ಎಂದುಕೊಂಡಿದ್ದನೋ ಏನೋ. ನಾನು ತಿದ್ದಲು ಹೋಗಲಿಲ್ಲ.

ಸಂಜೆ ಮನೆಗೆ ಬಂದು ಎಲ್ಲವನ್ನೂ ವರದಿ ಮಾಡಿದೆ. ಹೆಂಡತಿ ಲಟ್ಟಣಿಗೆ ಹಿಡಿದೇ ತಿರುಗಿ, "ತಂದಾಕಿ ನಾನು, ಹೆಸರ ನಿಮ್ಮೂರಿಂದು! ಇದ್ಯಾವ ನ್ಯಾಯರಿ? ಉಸುಕ ಅನ್ನಾಕ ಏನಾಗಿತ್ತ ಆಕಿಗೆ?" ಎಂದು ಜೋರು ಮಾಡಿದಳು.

ಮಂಚದ ಕೆಳಗೆ ಮರುಭೂಮಿ ತಳ್ಳುತ್ತಿದ್ದ ಮಗಳು ಅಲ್ಲಿಂದಲೇ, "ನೆಕ್ಸ್ಟ್ ಸಂಡೇ ನೀನೂ ಬಾ ಮಮ್ಮಿ," ಎಂದಳು.

ನಾನು ಇಷ್ಟು ವರ್ಷ ಕಾದ ಮಾತು ಕೊನೆಗೂ ಬಂತು, ಅದೂ ನನ್ನ ಹೆಂಡತಿಗೆ. ನಾನು ಚಪಾತಿ ಮುರಿದು ಬಾಯಿಗಿಟ್ಟೆ. ನೀನು ಬಾ ಎನ್ನಲಿಲ್ಲ ಅವಳು, ನೀನೂ ಬಾ ಎಂದಳು. ನಾನು ಬರುವುದು ಹೇಗೂ ಇದ್ದೇ ಇತ್ತು.